ತಾಮ್ರದ ಮೇಲಿನ ಯುದ್ಧ

ನಮ್ಮ ಡ್ರಾಯಿಂಗ್ ಮಾಸ್ತರರ ಬಲಗೈ ಬೆರಳುಗಳು ಸದಾ ಹಳದಿ. ಅಕ್ಕಸಾಲಿಗರಿಂದ ತರುತ್ತಿದ್ದ ಆಸಿಡ್ಡಿನ ಕಲೆ ಅದು, ಎಷ್ಟು ತಿಕ್ಕಿದರೂ ಹೋಗದು. ನಲವತ್ತು ದಾಟಿದರೂ ಮದುವೆಯಾಗಿರಲಿಲ್ಲ. "ಅರಿಷಿಣ ಹಚ್ಚಿದ್ದಾತು, ಹೆಣ್ಣ ಯಾವಾಗ್ರಿ ಸರ?" ಎಂದು ನಾವು ಶಿಕ್ಷಕರೆಲ್ಲ ಕಾಡುತ್ತಿದ್ದೆವು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಶೇಡಬಾಳದ ಶಾಲೆಗೆ ಹೊಸದಾಗಿ ಬಂದ ಶಿಕ್ಷಕಿ, ಊರವರ ಬಾಯಲ್ಲಿ ಅಕ್ಕೋರು. ಚಿತ್ರದ ಹುಚ್ಚಿಗೆ ಸಂಜೆ ಅವರ ಮನೆಗೆ ಹೋಗುತ್ತಿದ್ದೆ. ಮಿರಜದ ರದ್ದಿ ಅಂಗಡಿಯಲ್ಲಿ ಸಿಕ್ಕ ಹಳೇ ಪುಸ್ತಕವೊಂದು ಅವರ ಆಸ್ತಿ: ಮುನ್ನೂರು ನಾನೂರು ವರ್ಷಗಳ ಹಿಂದೆ, ಬರೋಕ್ ಕಾಲದ ಯುರೋಪಿನವರು ತಾಮ್ರದಲ್ಲಿ ಕೊರೆದು ಅಚ್ಚು ಹಾಕಿದ ಬೈಬಲ್ಲಿನ ಯುದ್ಧಗಳು. ಕುದುರೆ, ಭರ್ಜಿ, ಧೂಳು, ಎಲ್ಲವೂ ಬರೀ ಗೆರೆ. ಒಂದರಲ್ಲಿ, ಯುದ್ಧ ಮುಗಿಯುವ ತನಕ ಸೇನಾಪತಿಯೊಬ್ಬ ಸೂರ್ಯನನ್ನೇ ನಿಲ್ಲಿಸಿದ್ದ. ಮಾಸ್ತರರು ಜೈನರು, ಹೊತ್ತು ಮುಳುಗುವುದರೊಳಗೆ ಉಣ್ಣುವವರು. "ಇಂಥಾಂವ ನಮ್ಮೂರಾಗ ಇರಬೇಕಾಗಿತ್ರಿ ಅಕ್ಕೋರ, ಅವ್ವನ ಗಡಿಬಿಡಿ ತಪ್ಪತಿತ್ತು" ಎನ್ನುತ್ತಿದ್ದರು.

ಅದೇ ಚಿತ್ರವನ್ನು ತಾವೂ ಕೊರೆದು ಕೊಲ್ಹಾಪುರದ ಪ್ರದರ್ಶನಕ್ಕೆ ಕಳಿಸುವ ಆಸೆ ಅವರದು. ಮೇಣ ಬಳಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ವರ್ಷಗಟ್ಟಲೆ ಗೆರೆ ಎಳೆದರು. ಕೊನೆಗೊಂದು ಚಳಿಗಾಲದ ಸಂಜೆ ಅದನ್ನು ಒಳಕೋಣೆಯಲ್ಲಿ ಆಸಿಡ್ಡಿನಲ್ಲಿಟ್ಟರು. ಗೆರೆಯಿದ್ದಲ್ಲಿ ಮಾತ್ರ ಆಸಿಡ್ ತಾಮ್ರವನ್ನು ತಿನ್ನಬೇಕು. ಹೊತ್ತು ಮೀರಿದರೆ ಮೇಣವೂ ಎದ್ದು ಎಲ್ಲ ಹಾಳು.

ನಾನು ಹೋದಾಗ ತಾಯಿ ಮಗ ಊಟಕ್ಕೆ ಕೂತಿದ್ದರು. ಮಗ ಎದುರಿಗಿದ್ದರೇ ಆ ಮುದುಕಿಗೆ ತುತ್ತು ಇಳಿಯುವುದು. ಮಗ ನಡುವೆ ಎದ್ದರೆ ತಾವೂ ಕೈ ತೊಳೆದು ಮರುದಿನದವರೆಗೆ ಉಪವಾಸ. ಅಂದು ಶೇಂಗಾ ಹೋಳಿಗೆ ಮಾಡಿದ್ದರು. "ಬಾ ತಂಗಿ, ಕೂಡು, ಹೊತ್ತ ಮುಳಗಾಕತ್ತೇತಿ" ಎಂದು ನನಗೂ ಬಡಿಸಿ, ಮಗನಿಗೆ ಇನ್ನೊಂದು ಹಾಕಿದರು. ಮಾಸ್ತರರು ಒಳಕೋಣೆಯ ಬಾಗಿಲು ನೋಡಿದರು, ತಿಂದರು. ಮತ್ತೊಂದು ಬಿತ್ತು. ಅದನ್ನೂ ತಿಂದರು. ಯಾಕೆ ಚಡಪಡಿಸುತ್ತಾರೆಂದು ನನಗೆ ತಿಳಿಯಲಿಲ್ಲ.

ಅವರು ಎದ್ದು ಹೋಗುವಷ್ಟರಲ್ಲಿ ತಗಡಿನ ಮೇಲಿನ ಕುದುರೆ, ಸೈನಿಕರು, ಸೂರ್ಯ ಎಲ್ಲ ಸೇರಿ ಒಂದೇ ಗುಂಡಿಯಾಗಿತ್ತು. "ತಗಡ ತಗದಿಟ್ಟ ಬರಬೇಕಾಗಿತ್ರಿ. ಈಗ ಬಂದೇನಲಾ ಅಂತ ಬಿಟ್ಟಬಂದೆ. ಅವ್ವಗ ಹೇಳಬ್ಯಾಡ್ರಿ, ಹೋಳಿಗಿ ಮಾಡೂದ ಬಿಟ್ಟಾಳ" ಎಂದರಷ್ಟೆ.

ಮತ್ತೆ ತಾಮ್ರ ಮುಟ್ಟಲಿಲ್ಲ. ನನಗೆ ಮಾತ್ರ ಗೆರೆ ಹೆಣೆಯುವುದನ್ನು ಬೇಸರವಿಲ್ಲದೆ ಕಲಿಸಿದರು. ನನ್ನ ಕೈಗೆ ಬಂದದ್ದೆಲ್ಲ ಅವರದೇ. ಅವರ ಆ ಒಂದು ಚಿತ್ರವನ್ನು ಯಾರೂ ನೋಡಲಿಲ್ಲವಲ್ಲ ಎಂಬ ಸಂಕಟ ಇಂದಿಗೂ ಆರಿಲ್ಲ.

ಕೆಲವು ವರ್ಷಗಳ ನಂತರ ಎದೆನೋವು ಬಂದು ಮಾಸ್ತರರು ಹಠಾತ್ತನೆ ತೀರಿಕೊಂಡರು. ಮಾತಾಡಿಸಲು ಹೋದರೆ, ತಾಯಿ ಆ ಹಾಳಾದ ತಗಡನ್ನು ಸೆರಗಿನಿಂದ ಒರೆಸುತ್ತ ಕೂತಿದ್ದರು.

"ಇದೊಂದ ಚಿತ್ರ ಮುಗಸಲಿಲ್ಲ ನೋಡ ತಂಗಿ. ಮೊದಲಿಂದ ಆಲಸಿ. ಖರೆ, ಊಟಕ್ಕ ಕರದ್ರ ಒಮ್ಮೀನೂ ತಡಾ ಮಾಡಲಿಲ್ಲ."

"ಹೌದ್ರಿ" ಎಂದೆ.