ಗೋಡೆಯ ಮೇಲಿನ ಸವತಿ

ಬೊಂಗಿಮ್‌ಗೆ ಒಬ್ಬ ಸವತಿಯಿದ್ದಳು. ಉಲ್ಸಾನ್ ಬಂದರಿನ ಹಡಗು ಕಾರ್ಖಾನೆಯ ಎದುರಿಗೆ ಬೊಂಗಿಮ್‌ಳ ಎಲುಬು ಸಾರಿನಂಗಡಿ. ಅದರ ಗೋಡೆಯ ಮೇಲೇ ಸವತಿಯ ವಾಸ. ಸೋಜು ಎಂಬ ಹೆಂಡದ ಕಂಪನಿಯವರು ಅಂಟಿಸಿದ ಪೋಸ್ಟರಿನ ನಟಿ ಅವಳು, ದೊಡ್ಡವರಿಗೆ ಮರ್ಯಾದೆಯಿಂದ ಸುರಿಯುವಂತೆ ಎರಡೂ ಕೈಯಲ್ಲಿ ಒಂದು ಬಾಟಲಿ ಹಿಡಿದು ಬಗ್ಗಿಸಿ ನಗುತ್ತಿದ್ದಳು. ಎಲುಬು ಬೇಯಿಸಿ ಬೇಯಿಸಿ ಬೊಂಗಿಮ್‌ಳ ಮುಖ ಹಬೆಗೆ ಸುಕ್ಕುಗಟ್ಟಿತ್ತು. ಕಂಪನಿಯವರೋ ವರ್ಷಕ್ಕೊಮ್ಮೆ ಹಳಬಳನ್ನು ಕಿತ್ತು ಹೊಸಬಳನ್ನು ತರುತ್ತಿದ್ದರು; ಸವತಿಗೆ ವಯಸ್ಸೇ ಆಗುತ್ತಿರಲಿಲ್ಲ.

ತನ್ನ ಲೋಟಕ್ಕೆ ತಾನೇ ಹೆಂಡ ಸುರಿದುಕೊಳ್ಳುವುದು ಅಲ್ಲಿ ಅಪಶಕುನ, ಇನ್ನೊಬ್ಬರು ಸುರಿಯಬೇಕು. ಅದಕ್ಕೇ ಗಂಡ ಚಿಲ್ಸಂಗ್, ಜೊತೆಗೆ ಯಾರೂ ಇಲ್ಲದಾಗ, ಪೋಸ್ಟರಿನ ಎದುರು ಕೂರುತ್ತಿದ್ದ.

"ನಾನೆಲ್ಲಿ ಸುರ್ಕೊಂಡೆ? ಇವಳು ಸುರಿದ್ಲು," ಎನ್ನುತ್ತಿದ್ದ.

"ಸೊರಾ ಅಪ್ಪ, ಲಿವರ್ ಹೋಗಿದೆ, ಇನ್ನು ಕುಡಿದ್ರೆ ಮಣ್ಣೇ ಗತಿ ಅಂತ ಡಾಕ್ಟ್ರು ಹೇಳ್ಲಿಲ್ವಾ?" ಮಗಳ ಹೆಸರು ಹಿಡಿದೇ ಬೊಂಗಿಮ್ ಗಂಡನನ್ನು ಕರೆಯುತ್ತಿದ್ದಳು.

"ಹಂಗಾದ್ರೆ ನೀನು ಸುರೀತೀಯಾ?"

"ವಿಷಾನ ನಾನ್ಯಾಕೆ ಸುರೀಲಿ?"

"ನೋಡು, ಅದಕ್ಕೇ ಇವಳೇ ವಾಸಿ."

ಬೊಂಗಿಮ್ ಸಾರಿನ ಪಾತ್ರೆಯ ಮುಚ್ಚಳವನ್ನು ದಡಾರನೆ ಹಾಕುತ್ತಿದ್ದಳು. ಗಂಡನ ಜೀವದ ಚಿಂತೆ ಇರಲಿಲ್ಲವೆಂದಲ್ಲ. ಆದರೆ ಆ ಹುಡುಗಿಯ ಮೇಲಿನ ಹೊಟ್ಟೆಕಿಚ್ಚು ಅದಕ್ಕಿಂತ ಒಂದು ಹಿಡಿ ಜಾಸ್ತಿಯೇ ಇತ್ತು, ಸುಳ್ಳೇಕೆ ಹೇಳಬೇಕು.

ಅಷ್ಟರಲ್ಲಿ ಹೆಂಡದ ಜಾಹೀರಾತಿನಲ್ಲಿ ನಟಿಯರ ಚಿತ್ರ ಹಾಕಬಾರದೆಂದು ಸರ್ಕಾರ ಕಾನೂನು ತರುತ್ತದಂತೆ ಎಂಬ ಸುದ್ದಿ ಬಂತು. ಸವತಿಯನ್ನು ಸರ್ಕಾರವೇ ಓಡಿಸುತ್ತದೆ ಎಂದು ಅವಳು ಹಿಗ್ಗಿದಳು. ಸುದ್ದಿಯ ಬೆನ್ನಿಗೇ ಕಂಪನಿಯ ಮಾರಾಟಗಾರ ಪ್ಯೋ ಬಂದ.

"ಚಿಕ್ಕಮ್ಮ, ಈ ಕಾನೂನು ಬೇಡ ಅಂತ ಒಂದು ಸಹಿ ಹಾಕಿ. ಇದು ಬಂದ್ರೆ ನಿಮ್ಮಂಥ ಸಣ್ಣ ಅಂಗಡಿಯವ್ರ ಹೊಟ್ಟೆ ಮೇಲೆ ಹೊಡೆದಂಗೆ."

"ನನ್ನ ಹೊಟ್ಟೆ ಚಿಂತೆ ನಿಮ್ಮ ಕಂಪನಿಗೆ ಯಾವಾಗಿಂದ ಬಂತಪ್ಪಾ? ಮೊದ್ಲು ಆ ಬಿನ್ನಾಣಗಿತ್ತೀನ ಕಿತ್ತು ಬಿಸಾಕು. ನನ್ನ ಗಂಡ ಅವಳ ಮುಖ ನೋಡ್ಕೊಂಡೇ ಸಾಯ್ತಾ ಇದಾನೆ."

ಪ್ಯೋ ಅವಳ ಮುಖವನ್ನೇ ನೋಡಿದ. ಪಕ್ಕಾ ವ್ಯಾಪಾರಸ್ಥ, ನೋವೆಲ್ಲಿದೆ ಎಂದು ಅವನಿಗೆ ಗೊತ್ತಾಗಿ ಹೋಯಿತು.

"ಅವಳನ್ನ ಕಿತ್ತು ನಿಮ್ಮನ್ನೇ ಹಾಕಿದ್ರೆ? ನಟಿಯರು ಬೇಡ ಅಂದ್ರೆ ಅಂಗಡಿ ಚಿಕ್ಕಮ್ಮಂದಿರು ಇಲ್ವಾ? ನಿಮ್ಮ ಮುಖದಲ್ಲಿ ಒಳ್ಳೆ ಕಳೆ ಇದೆ."

"ಸಾಕು ಸುಮ್ನಿರು, ಹಲ್ಲುದುರೋ ವಯಸ್ಸಲ್ಲಿ," ಎಂದಳು. ಕೈ ಮಾತ್ರ ಆಗಲೇ ಕೂದಲು ಸರಿಮಾಡುತ್ತಿತ್ತು. ಸಹಿಯೂ ಬಿತ್ತು.

ಹೊಸ ಪೋಸ್ಟರ್ ಬಂದ ದಿನ ಹಳೆಯದನ್ನು ಅವಳೇ ಕಿತ್ತು ಚಿಂದಿ ಮಾಡಿದಳು. ಈಗ ಗೋಡೆಯ ತುಂಬ ಬೊಂಗಿಮ್: ರೇಷ್ಮೆ ಉಡುಪು, ಮುಖಕ್ಕೆ ಪೌಡರು, ಎರಡೂ ಕೈಯಲ್ಲಿ ಬಾಟಲಿ.

ಚಿಲ್ಸಂಗ್ ಒಳಗೆ ಬಂದವನು ಬಹಳ ಹೊತ್ತು ನಿಂತು ನೋಡಿದ.

"ಸೊರಾ ಅಮ್ಮ, ಎಷ್ಟು ಲಕ್ಷಣವಾಗಿದೀಯೇ."

ಮದುವೆಯಾದಾಗಿನಿಂದ ಕೇಳದ ಮಾತು ಅದು. ಬೊಂಗಿಮ್‌ಳ ಕಣ್ಣು ತುಂಬಿತು. ಇನ್ನು ಇವನು ನನ್ನವನು, ಉಳಿದುಕೊಂಡ ಎಂದುಕೊಂಡಳು. ಅವಳು ಏಪ್ರನ್ನಿನ ಅಂಚಿನಲ್ಲಿ ಕಣ್ಣೊರೆಸಿಕೊಂಡು ತಿರುಗುವಷ್ಟರಲ್ಲಿ ಗಂಡ ಪೋಸ್ಟರಿನೆದುರು ಕೂತು ಬಾಟಲಿ ಬಿಚ್ಚಿದ್ದ.

"ಸೊರಾ ಅಪ್ಪ, ಏನಿದು?"

"ಅವಳು ಸುರಿದಾಗ ಒಂದೊಂದ್ಸಲ ಬೇಡ ಅಂತಿದ್ದೆ, ಯಾರೋ ಪರರ ಹುಡುಗಿ. ಕಟ್ಕೊಂಡ ಹೆಂಡ್ತಿ ಎರಡೂ ಕೈಲಿ ಸುರಿದದ್ದನ್ನ ಬೇಡ ಅನ್ನೋಕಾಗುತ್ತೇನೇ?"

ಬೊಂಗಿಮ್ ಓಡಿಹೋಗಿ ಗೋಡೆಗೆ ಉಗುರು ಹಾಕಿ ಪರಚಿದಳು. ಕಂಪನಿಯ ಅಂಟು ಗಟ್ಟಿಯಿತ್ತು. ನಗುವ ಮುಖ ಹರಿದು ಅವಳ ಕೈಗೆ ಬಂತು. ಬಾಟಲಿ ಬಗ್ಗಿಸಿದ ಎರಡು ಕೈಗಳು ಗೋಡೆಯಲ್ಲೇ ಉಳಿದವು. ಚಿಲ್ಸಂಗ್ ಅವುಗಳ ಕೆಳಗೆ ಲೋಟ ಹಿಡಿದ.