ಉತ್ತರಕ್ಕೆ ಬಾವಿ

ಅಜ್ಜಂಪುರದ ಮನೆ ಮಾರಿ ಕಡೂರಿಗೆ ಹೋಗಲೇಬೇಕೆಂದು ಹಟ ಹಿಡಿದವಳು ನಾನು. ನನ್ನ ಗಂಡನಿಗೆ ವಾರಕ್ಕೆ ಎರಡು ಸಲ ಕಡೂರಿನಲ್ಲಿ ಡಯಾಲಿಸಿಸ್. ಹೋಗುವಾಗ ಹೇಗೋ ಬಸ್ಸಿನಲ್ಲಿ ಕೂರುತ್ತಿದ್ದರು. ಬರುವಾಗ ನನ್ನ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದರೆ, ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನಾನು ಊರು ಬರುವವರೆಗೂ ನೋಡುತ್ತಲೇ ಇರಬೇಕಿತ್ತು. ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಒಂದು ಪುಟ್ಟ ಮನೆ ಸಿಕ್ಕಿತು. ಅದರ ಮಾಲೀಕರು ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತೇವೆಂದರು. ಅಷ್ಟರೊಳಗೆ ನಮ್ಮದು ಮಾರಾಟವಾಗಬೇಕು.

ಬ್ರೋಕರ್ ಮೂಲಕ ಕೊಳ್ಳುವವರೂ ಸಿಕ್ಕಿದರು. ಗಂಡ ಹೆಂಡತಿ ಇಬ್ಬರೂ ಶಾಲೆಯ ಶಿಕ್ಷಕರು. ಕ್ರಯಪತ್ರ ಬರೆಯುವವರು ನಮ್ಮ ನಡುಮನೆಯಲ್ಲೇ ಕೂತು ಚಕ್ಕುಬಂದಿ, ಅಂದರೆ ಮನೆಯ ನಾಲ್ಕು ದಿಕ್ಕಿಗೆ ಏನೇನಿದೆ ಎಂಬುದನ್ನು, ಗಟ್ಟಿಯಾಗಿ ಓದಿದರು. ಪೂರ್ವಕ್ಕೆ ರಸ್ತೆ. ಉತ್ತರಕ್ಕೆ ಸಾರ್ವಜನಿಕ ಬಾವಿ.

"ಬಾವಿ ನಮ್ ಪಕ್ಕ ಎಲ್ಲೈತೆ? ಅದು ಪಕ್ಕದ್ಮನೆಯಿಂದ ಆಚೆಗೈತೆ. ಕಣ್ಬಿಟ್ಟು ಓದ್ರೀ," ಎಂದು ನಾನು ಜೋರು ಮಾಡಿದೆ.

ಅವರು ಖಾತೆ ನೋಡಿದರು, ಹಳೆಯ ಹಕ್ಕುಪತ್ರ ನೋಡಿದರು. ಎದ್ದು ಹೋಗಿ ಬೀದಿಯಲ್ಲಿ ನಿಂತು ಬಾವಿಯನ್ನೂ ನೋಡಿ ಬಂದರು.

"ಅಮ್ಮಾ, ನಿಮ್ ಕಾಗ್ದದಲ್ಲಿರೋದು ಆ ಪಕ್ಕದ್ಮನೆ. ನೀವು ಕೂತಿರೋ ಮನೆ ಅವ್ರ ಹೆಸ್ರಲ್ಲೈತೆ."

ನಾನು ಸೇರಕ್ಕಿ ಒದ್ದು ಒಳಗೆ ಬಂದ ಹೊಸಿಲು, ಬಾಣಂತನ ಮಾಡಿಸಿಕೊಂಡ ಕೋಣೆ, ಬಳೆ ಮಾರಿ ಹಿಂದೆ ಕಟ್ಟಿಸಿದ ಅಡುಗೆಮನೆ, ಯಾವುದೂ ನಮ್ಮದಲ್ಲವೇ?

ನನ್ನ ಗಂಡ ತಲೆ ಕೆರೆದುಕೊಂಡು ನೆನಪು ಮಾಡಿಕೊಂಡರು. ಅವರಪ್ಪ ಮತ್ತು ಪಕ್ಕದ ಮನೆಯ ಯಜಮಾನರು ಗೆಳೆಯರು, ಇಬ್ಬರಿಗೂ ಅಕ್ಕಪಕ್ಕ ನಿವೇಶನ ಸಿಕ್ಕಿತ್ತು. ಜೋಯಿಸರು ಆಯ ಲೆಕ್ಕ ಹಾಕಿ, ಇವರ ಹೆಸರಿಗೆ ಅವರ ಜಾಗ, ಅವರ ಹೆಸರಿಗೆ ಇವರ ಜಾಗ ಕೂಡಿಬರುತ್ತದೆ ಎಂದರು. ಗೆಳೆಯರು ಎಲೆ ಅಡಿಕೆ ಬದಲಾಯಿಸಿಕೊಂಡರು, ಜಾಗವನ್ನೂ ಬದಲಾಯಿಸಿಕೊಂಡು ಮನೆ ಕಟ್ಟಿದರು. ಕಾಗದ ಬದಲಾಯಿಸಬೇಕೆಂದು ಇಬ್ಬರಿಗೂ ತೋಚಲಿಲ್ಲ. ಅಂದಿನಿಂದ ನಾವು ಅವರ ಮನೆಗೆ, ಅವರು ನಮ್ಮ ಮನೆಗೆ ಕಂದಾಯ ಕಟ್ಟುತ್ತಾ ಬಂದಿದ್ದೆವು.

ಈಗ ಪಕ್ಕದ ಮನೆಯಲ್ಲಿದ್ದವರು ಆ ಯಜಮಾನರ ಸೊಸೆ. ಗಂಡ ತೀರಿಕೊಂಡ ಮೇಲೆ ಖಾತೆ ಆಕೆಯ ಹೆಸರಿಗೆ ಬಂದಿತ್ತು. ಆಕೆಗೂ ನನಗೂ ಮಾತು ಬಿಟ್ಟು ಏಳು ವರ್ಷ. ಬಟ್ಟೆ ಒಗೆದ ನೀರು ನಮ್ಮ ಗೋಡೆಗೆ ಬರುತ್ತದೆಂದು ಪಟ್ಟಣ ಪಂಚಾಯಿತಿಗೆ ಅರ್ಜಿ ಕೊಟ್ಟು, ಆಕೆಯ ಒಗೆಯುವ ಕಲ್ಲನ್ನೇ ಕೀಳಿಸಿದವಳು ನಾನು. ಕಲ್ಲು ಕೀಳುವಾಗ ಆಕೆ ಬಾಗಿಲಲ್ಲಿ ನಿಂತು ನೋಡಿದ್ದಳು, ತುಟಿಪಿಟಕ್ಕೆನ್ನಲಿಲ್ಲ. ಆ ನೀರು ಹರಿದದ್ದು ಆಕೆಯ ಹೆಸರಿನ ಜಾಗಕ್ಕೇ ಎಂದು ಈಗ ಗೊತ್ತಾಯಿತು. ಮಾರಾಟ ಆಗಬೇಕಾದರೆ ಆಕೆ ಅದಲುಬದಲು ಪತ್ರಕ್ಕೆ ಸಹಿ ಹಾಕಬೇಕು. ನಮ್ಮದು ಆಕೆಯದಕ್ಕಿಂತ ದೊಡ್ಡ ಮನೆ, ಅದು ಕಾಗದದಲ್ಲಿ ತನ್ನದಾಗಿರುವಾಗ ಯಾರು ಬಿಟ್ಟುಕೊಡುತ್ತಾರೆ? ನಾನಾಗಿದ್ದರೆ ಖಂಡಿತ ಕೊಡುತ್ತಿರಲಿಲ್ಲ.

ನನಗೆ ಹೋಗಲು ಮುಖವಿರಲಿಲ್ಲ. ಪತ್ರ ಬರೆಯುವವರ ತೋಳು ಹಿಡಿದು ನನ್ನ ಗಂಡನೇ ಹೋದರು. ಅರ್ಧ ಗಂಟೆಯಲ್ಲಿ ಬಂದು ಗೋಡೆಗೆ ಒರಗಿ ಕೂತರು.

"ಆಯಮ್ಮ ಸಹಿ ಹಾಕ್ತಾರಂತೆ. ಅವ್ರಿಗೆ ಮೊದ್ಲೇ ಗೊತ್ತಿತ್ತಂತೆ ಕಣೇ. ನೀನು ಅರ್ಜಿ ಕೊಟ್ಟಾಗ್ಲೇ ಕಾಗ್ದ ತೆಗ್ಸಿ ನೋಡಿದ್ರಂತೆ."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ನಾನೂ ಕೇಳ್ದೆ. 'ನಮ್ಮಾವ ಎಲೆ ಅಡಿಕೆ ಕೊಟ್ಟವ್ರೆ, ನಾನು ಹೆಂಗೆ ವಾಪಸ್ ಇಸ್ಕೊಳ್ಲಿ' ಅಂದ್ರು."

ಏಳು ವರ್ಷ! ಒಂದು ಮಾತಿನಲ್ಲಿ ನನ್ನನ್ನು ಬೀದಿಗೆ ನಿಲ್ಲಿಸಬಹುದಿತ್ತು.

ಆಮೇಲಿನ ದಿನಗಳಲ್ಲಿ ಎಲ್ಲರೂ ಒಂದೇ ಮನೆಯವರ ಹಾಗೆ ಓಡಾಡಿದರು. ಬ್ರೋಕರ್ ಪಂಚಾಯಿತಿಯಲ್ಲಿ ಕಾದು ಕೂತು ಎರಡೂ ಮನೆಯ ದಾಖಲೆ ತಂದ. ಪತ್ರ ಬರೆಯುವವರು ಒಂದರ ಬದಲು ಎರಡು ಪತ್ರ ಸಿದ್ಧ ಮಾಡಿದರು. ಹೆದರಿ ಹಿಂದೆ ಸರಿಯಬಹುದಾಗಿದ್ದ ಶಿಕ್ಷಕ ದಂಪತಿ ತಾವೇ ಕಾರು ತಂದರು. ಪಕ್ಕದ ಮನೆಯಾಕೆಗೆ ಕಾರಿನಲ್ಲಿ ವಾಂತಿಯಾಗುತ್ತದೆಂದು ಮುಂದಿನ ಸೀಟು ಬಿಟ್ಟುಕೊಟ್ಟರು. ಕೈಕಟ್ಟಿ ಕೂತವಳು ನಾನೊಬ್ಬಳೇ. ಅಜ್ಜಂಪುರದಿಂದ ತರೀಕೆರೆಯವರೆಗೆ ಆಕೆಯ ಬೆನ್ನ ಹಿಂದೆಯೇ ಕೂತಿದ್ದೆ. ಮಾತಾಡಿಸಬೇಕೆಂದು ಎರಡು ಸಲ ಮುಂದಕ್ಕೆ ಬಗ್ಗಿ, ಮತ್ತೆ ಹಿಂದಕ್ಕೆ ಒರಗಿದೆ.

ರಿಜಿಸ್ಟ್ರಾರ್ ಕಚೇರಿಯಲ್ಲಿ ಅಧಿಕಾರಿ ತಲೆ ಎತ್ತದೆ ಆಕೆಯನ್ನು ಕೇಳಿದರು, "ಸ್ವಂತ ಇಚ್ಛೆಯಿಂದ ಸಹಿ ಹಾಕ್ತಿದೀರೇನಮ್ಮಾ? ಇವರೇನಾದ್ರೂ ಬಲವಂತ ಮಾಡಿದ್ರಾ?"

ಆಕೆ ಪೆನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

"ಬಲವಂತ ಮಾಡಾಕೆ ಮೊದ್ಲು ಮಾತಾಡ್ಸಬೇಕಲ್ಲ ಸಾರ್. ಈಯಮ್ಮ ಇನ್ನೂ ನನ್ನ ಮಾತಾಡ್ಸೇ ಇಲ್ಲ."

ಎಲ್ಲರೂ ನಕ್ಕರು. ಆಕೆ ಬಗ್ಗಿ ಸಹಿ ಹಾಕಿದಳು. ನಾನು ಅಷ್ಟು ಜನರ ಮುಂದೆ ಬಿಕ್ಕಿ ಬಿಕ್ಕಿ ಅತ್ತೆ.