ಮಿಕ್ಸಿಗೆ ಬಳಿದ ತುಕ್ಕು

ಘರ್ರ್ ಎಂದು ಶುರುವಾಗಿ, ನಡುವೆ ಒಮ್ಮೆ ಕೆಮ್ಮಿ, ಠಾಣೆ ಸ್ಟೇಶನ್ನಿನಲ್ಲಿ ನಿಲ್ಲದೆ ಹೋಗುವ ಮೇಲ್ ಗಾಡಿಯಂತೆ ಕಿವಿ ಕೊರೆದ ಆ ಸದ್ದನ್ನು ನಾನು ಕೇಳಿದ್ದು ಒಂದೇ ಸಲ. ಕೋಪರಿಯ ನಮ್ಮ ಎರಡು ಕೋಣೆಯ ಮನೆಯ ಬಲ್ಬು ಮಂಕಾಯಿತು. ಕೆಳಗಿನ ಮನೆಯ ಮರಾಠಿ ಬಾಯಿ ಮೆಟ್ಟಿಲ ಬುಡದಲ್ಲಿ ನಿಂತು "ಅಗೋ, ಕಾಯ್ ಝಾಲಂ?" ಎಂದು ಕೂಗಿ ಏನಾಯಿತೆಂದು ಕೇಳಿದಳು. ನನ್ನ ನಾದಿನಿ ಮಾತ್ರ ಮಿಕ್ಸಿಯ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ವಿಮಾನ ಓಡಿಸುವವಳಂತೆ ನಗುತ್ತಿದ್ದಳು.

ಅವಳು ನನ್ನ ಗಂಡನ ತಂಗಿ, ಆಗ ಬೊಂಬಾಯಿಯ ಒಂದು ಆಫೀಸಿನಲ್ಲಿ ಟೈಪಿಸ್ಟ್. ಬೆಳಿಗ್ಗೆ ಅವಳು ಲೋಕಲ್ ಹಿಡಿಯಲು ಓಡುವಾಗ ನಾನು ಕಡೆಯುವ ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿರುತ್ತಿದ್ದೆ. ಅದನ್ನು ನೋಡಲಾಗದೆ, ಮೊದಲ ದೀಪಾವಳಿ ಬೋನಸ್ಸಿನಲ್ಲಿ ತನಗೊಂದು ಸೀರೆಯನ್ನೂ ಕೊಳ್ಳದೆ ನನಗೆ ಮಿಕ್ಸಿ ತಂದಳು. ಸ್ಟೇಶನ್ ರಸ್ತೆಯ ಪಾತ್ರೆ ಅಂಗಡಿಯಲ್ಲಿ ಅದರ ಸ್ಟೀಲ್ ಜಾರಿನ ಮೇಲೆ 'ಅತ್ತಿಗೆಗೆ' ಎಂದು ಕೊರೆಸಿದ್ದಳು. ಕೊರೆಯುವವನಿಗೆ ಕನ್ನಡ ಬಾರದು. ಚೀಟಿಯಲ್ಲಿ ಅವಳು ಬರೆದುಕೊಟ್ಟದ್ದನ್ನು ಚಿತ್ರದಂತೆ ನೋಡಿ ಕೊರೆದಿದ್ದ. ಅಕ್ಷರಗಳೆಲ್ಲ ಒಂದರ ಮೇಲೊಂದು ವಾಲಿಕೊಂಡು ವಿರಾರ್ ಲೋಕಲಿನಲ್ಲಿ ಕಿಕ್ಕಿರಿದ ಜನರಂತೆ ನಿಂತಿದ್ದವು.

ಅತ್ತೆ ದೂರದಲ್ಲೇ ನಿಂತು ಅದನ್ನು ಪರೀಕ್ಷಿಸಿದರು. "ರಬ್ಬರಿನ ವಾಷರ್ ಉಂಟಲ್ಲ ಅದರೊಳಗೆ? ಮಡಿಗೆ ಆಗ್ಲಿಕ್ಕಿಲ್ಲ."

"ಮಡಿ ದಿವಸ ಕಲ್ಲು ಉಂಟಲ್ಲಮ್ಮ. ಉಳಿದ ದಿವಸಕ್ಕೆ ಇದು," ಎಂದಳು ಮಗಳು.

"ರುಚಿ?"

"ಪರೀಕ್ಷೆ ಮಾಡುವಾ. ಅತ್ತಿಗೆಯೇ ಹೇಳ್ಲಿ. ಕಾನ್ವೆಂಟಿನಲ್ಲಿ ಕಲಿತವರು, ಸುಳ್ಳು ಹೇಳ್ಲಿಕ್ಕಿಲ್ಲ."

ಹಾಗೆ ಒಂದೇ ತೆಂಗಿನಕಾಯಿಯಿಂದ ಎರಡು ಬಟ್ಟಲು ಚಟ್ನಿಯಾಯಿತು, ಒಂದು ಕಲ್ಲಿನದ್ದು, ಒಂದು ಮಿಕ್ಸಿಯದ್ದು. ಎರಡನ್ನೂ ನೆಕ್ಕಿದೆ. ದೇವರಾಣೆಗೂ ನನಗೆ ವ್ಯತ್ಯಾಸ ತಿಳಿಯಲಿಲ್ಲ. ಆದರೆ ಉಡುಪಿಯಿಂದ ಆ ಮನೆಗೆ ಬಂದು ಮೂರು ವರ್ಷವಾದರೂ ನಾನಿನ್ನೂ 'ಇಂಗ್ಲಿಷ್ ಸೊಸೆ' ಆಗಿದ್ದೆ, ಸಾರಿಗೆ ಹುಳಿ ಜಾಸ್ತಿಯಾದರೂ ಅತ್ತೆ ಕಾನ್ವೆಂಟಿನ ಸಿಸ್ಟರುಗಳನ್ನೇ ಬೈಯುತ್ತಿದ್ದರು. ಪಾಸಾಗಲು ಇಂಥ ಚಾನ್ಸ್ ಇನ್ನೊಂದಿರಲಿಲ್ಲ.

"ಕಲ್ಲಿನದ್ದೇ ರುಚಿ," ಎಂದೆ. "ಇದಕ್ಕೆ ಏನೋ ಒಂದು ಬಿಸಿ ವಾಸನೆ."

ಅತ್ತೆಯ ಮುಖ ಅರಳಿತು. ನಾದಿನಿಯ ಕೈ ಮುಚ್ಚಳದಿಂದ ಕೆಳಗಿಳಿಯಿತು. "ಹೌದಾ ಅತ್ತಿಗೆ?" ಎಂದಳು, ಅಷ್ಟೇ. ಮಿಕ್ಸಿ ಡಬ್ಬಿಗೂ ಡಬ್ಬಿ ಅಟ್ಟಕ್ಕೂ ಹೋದವು. ನಾನು ಒಳ್ಳೆಯ ಸೊಸೆಯಾದೆ. ಅದರ ಬಹುಮಾನವಾಗಿ ಮುಂದಿನ ಹನ್ನೊಂದು ವರ್ಷ ಕಲ್ಲಿನಲ್ಲೇ ಅರೆದೆ.

ಅವಳು ಮದುವೆಯಾಗಿ ಡೊಂಬಿವಲಿಗೆ ಹೋದಳು. ನಮ್ಮಲ್ಲಿಗೆ ಬಂದಾಗಲೆಲ್ಲ ಅವಳ ಕಣ್ಣು ಒಮ್ಮೆ ಅಟ್ಟಕ್ಕೆ ಹೋಗಿ ಬರುತ್ತಿತ್ತು. ಅತ್ತೆ ತೀರಿಕೊಂಡ ಮೇಲಾದರೂ ಅದನ್ನು ಇಳಿಸಬಹುದಿತ್ತು. ಆದರೆ ಇಳಿಸಿದರೆ ಆ ದಿನದ ಚಟ್ನಿಯೂ ಅದರ ಜೊತೆ ಇಳಿಯುತ್ತದೆ. ಅದಕ್ಕೆ ಹೆದರಿ, ಕೆಲವು ವರ್ಷ ಕಲ್ಲಿನಲ್ಲೇ ತಳ್ಳಿ, ಕೊನೆಗೆ ಸೇಲಿನಲ್ಲಿ ಮೂರು ಜಾರಿನ ಹೊಸ ಮಿಕ್ಸಿ ತಂದೆ. ಅವಳು ಅದನ್ನೂ ನೋಡಿದಳು. "ಮೂರು ಜಾರಾ? ಒಳ್ಳೇದಾಯ್ತು," ಎಂದು ಕಾಫಿ ಕುಡಿದು ಹೋದಳು. ನಾನು ಸಾರಿ ಹೇಳಲಿಲ್ಲ. ಸಾರಿ, ಥ್ಯಾಂಕ್ಯೂಗಳನ್ನು ಸಿಸ್ಟರುಗಳು ಚೆನ್ನಾಗಿಯೇ ಕಲಿಸಿದ್ದರು. ಎರಡನ್ನೂ ನಾನು ಬಸ್ ಕಂಡಕ್ಟರುಗಳ ಮೇಲೆ ಖರ್ಚು ಮಾಡಿದೆ.

ಇಂಥ ನಾನು ಮುದುಕಿಯಾದ ಮೇಲೆ ಸತ್ಯದ ಇನ್ಸ್‌ಪೆಕ್ಟರ್ ಆದೆ, ಟೀವಿಯ ಮುಂದೆ. ಈಗ ಎಲ್ಲರಿಗೂ ಪೀರಿಯಡ್ ಡ್ರಾಮಾದ ಹುಚ್ಚಲ್ಲವೆ? ಎಪ್ಪತ್ತರ ದಶಕದ ಕತೆ ಎನ್ನುತ್ತಾರೆ, ನಾಯಕಿ ಫ್ರಿಜ್ ತೆರೆದರೆ ಒಳಗೆ ಎಲ್‌ಇಡಿ ದೀಪ. ಫ್ರಿಜ್ ಇರುವುದಾದರೂ ಎಲ್ಲಿ? ಅಡುಗೆಮನೆಯಲ್ಲಿ! ಆಗ ಫ್ರಿಜ್ ಇದ್ದವರು ಅದನ್ನು ಹಾಲ್‌ನಲ್ಲಿ ಇಡುತ್ತಿದ್ದರು, ಬಂದವರಿಗೆ ಕಾಣಬೇಡವೆ? ಅದಕ್ಕೊಂದು ಬೀಗ, ತಲೆಯ ಮೇಲೆ ಕ್ರೋಶಾ ಹೆಣಿಗೆಯ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಗುಲಾಬಿ. ಕಪ್ಪು ಬಿಳುಪು ಟೀವಿಗೆ ಒಬ್ಬ ಅಜ್ಜ ರಿಮೋಟ್ ಒತ್ತಿದಾಗಲಂತೂ ನಾನು ಘೋಡಬಂದರ್ ರಸ್ತೆಯ ನಮ್ಮ ಹದಿನೇಳನೇ ಮಹಡಿ ಕೇಳುವಂತೆ ನಕ್ಕೆ.

ಮಗಳ ಮಗಳು ಅಂಥದ್ದೇ ಒಂದು ಹಿಂದಿ ಸೀರಿಯಲ್ಲಿನ ಆರ್ಟ್ ಡಿಪಾರ್ಟ್‌ಮೆಂಟಿಗೆ ಸೇರಿದಳು. ಅವಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ. "ಅಜ್ಜಿ, ವೋ ಪುರಾನಾ ಮಿಕ್ಸಿ ದೋ ನಾ. ಏಕ್‌ದಮ್ ಅಥೆಂಟಿಕ್ ಚಾಹಿಯೇ."

ಅಟ್ಟದ ಆ ಹಳೇ ಮಿಕ್ಸಿಯೇ ಬೇಕಂತೆ. ಕೋಪರಿಯಿಂದ ಇಲ್ಲಿಗೆ ಬರುವಾಗ ಆ ಡಬ್ಬಿಯೂ ತೆಪ್ಪಗೆ ಜೊತೆಗೆ ಬಂದಿತ್ತು. ತೆರೆದರೆ ಬಿಳಿ ಬಣ್ಣ ಹಾಲಿನಂತಿತ್ತು. ಜಾರಿನಲ್ಲಿ ನನ್ನ ಮುಖ ಕಂಡಿತು, ಹಳತಾದದ್ದು ಅದೊಂದೇ.

ತಿಂಗಳ ನಂತರ ಮಿಕ್ಸಿ ವಾಪಸು ಬಂದಾಗ ನನಗೆ ಗುರುತೇ ಸಿಗಲಿಲ್ಲ. ಮೈತುಂಬ ಕಂದು ತುಕ್ಕು, ವಯರಿಗೆ ಕಪ್ಪು ಟೇಪು, ಮುಚ್ಚಳದ ಅಂಚಿಗೆ ಅರಸಿನದ ಕಲೆ.

"ಇದೆಂಥದ್ದು ಮಾರಾಯ್ತಿ?"

"ಡೈರೆಕ್ಟರ್ ಬೋಲಾ ಬಹುತ್ ನಯಾ ದಿಖ್ತಾ ಹೈ. ವಿಂಟೇಜ್ ಫೀಲ್ ನಹೀಂ ಆತಾ."

"ಹೊಸತರ ಹಾಗೆ ಕಾಣ್ತದಾ? ಅದು ನಿನ್ನ ಅಮ್ಮನಿಗಿಂತ ಹಳೇದು!"

"ಪತಾ ಹೈ ಅಜ್ಜಿ. ಲೇಕಿನ್ ದಿಖ್ತಾ ನಹೀಂ ನಾ." ಒಂದು ಸಣ್ಣ ಬಾಟಲಿ ನನ್ನ ಕೈಗಿಟ್ಟಳು. ಥಿನ್ನರ್ ಹಚ್ಚಿ ಒರೆಸಿದರೆ ಈ ತುಕ್ಕಿನ ಬಣ್ಣವೆಲ್ಲ ಹೋಗುತ್ತದಂತೆ.

ಒರೆಸಬೇಕೆಂದು ಕೂತಿದ್ದೆ, ಫೋನ್ ಬಂತು. ಡೊಂಬಿವಲಿಯಿಂದ ನಾದಿನಿ. ಗಂಡ ಹೋಗಿ, ಮಂಡಿ ಕೈಕೊಟ್ಟು, ಹೃದಯಕ್ಕೆ ಮಾತ್ರೆ ನುಂಗುತ್ತ ಅವಳೂ ಟೀವಿಯ ಮುಂದೆಯೇ ಇರುತ್ತಿದ್ದಳು.

"ಅತ್ತಿಗೆ, ನಮ್ಮ ಮಿಕ್ಸಿ ಟೀವಿಯಲ್ಲಿ ಬಂತು! ಜಾರಿನಲ್ಲಿ 'ಅತ್ತಿಗೆಗೆ' ಅಂತ ದೊಡ್ಡದಾಗಿ ಕಾಣ್ತಿತ್ತು."

ಸೀರಿಯಲ್ಲಿನ ಕತೆ ನಡೆಯುವುದೆಲ್ಲಿ? ದಿಲ್ಲಿಯ ಪಂಜಾಬಿ ಮನೆಯ ಅಡುಗೆಕಟ್ಟೆಯ ಮೇಲೆ ಕನ್ನಡದ ಜಾರು! ಇಷ್ಟು ವರ್ಷ ಊರಿನವರ ತಪ್ಪು ಹಿಡಿದ ನನ್ನ ಕಡೆಯಿಂದಲೇ, ಆ ಸೀರಿಯಲ್ಲಿನ ಅತಿ ದೊಡ್ಡ ತಪ್ಪು. ಆಮೇಲೆ ಕೇಳಿದರೆ ಮೊಮ್ಮಗಳು ಕಣ್ಣರಳಿಸಿದಳು: "ವೋ ಡಿಸೈನ್ ನಹೀಂ ಥಾ?" ಕನ್ನಡ ಓದಲು ಬಾರದ ಹುಡುಗಿ, ಡಿಸೈನ್ ಚೆನ್ನಾಗಿದೆಯೆಂದು ಕ್ಯಾಮೆರಾದ ಕಡೆಗೇ ತಿರುಗಿಸಿ ಇಟ್ಟಿದ್ದಳು.

ಆದರೆ ನಾದಿನಿಯ ಮಾತು ಮುಗಿದಿರಲಿಲ್ಲ. "ಎಷ್ಟು ತುಕ್ಕು ಹಿಡಿದದೆ ಅತ್ತಿಗೆ! ಅಮ್ಮ ಹೋದ ಮೇಲೆ ನೀವು ಅದರಲ್ಲೇ ಅರೆದದ್ದಾ? ಅದು ಸವೆದು ಹೋಯ್ತು ಅಂತಲೇ ಆ ಮೂರು ಜಾರಿನದ್ದು ತಂದದ್ದಾ? ನಾನು ಮಂಡೆಯಲ್ಲಿ ಏನೇನೋ ಇಟ್ಕೊಂಡಿದ್ದೆ ನೋಡಿ, ಹುಚ್ಚು ಮರ್ಲು ನಂಗೆ."

ಎದುರಿಗೆ ಥಿನ್ನರ್ ಬಾಟಲಿ ಇತ್ತು. ಬಾಯಿಗೆ ಬಂದದ್ದು "ಹೌದು" ಎಂಬ ಮಾತು.

"ಒಮ್ಮೆ ತಂದು ತೋರಿಸಿ, ಆಯ್ತಾ?"

ಹೊರಡುವ ಹಿಂದಿನ ದಿನ ಮೊಮ್ಮಗಳನ್ನು ಕರೆದು, ಹಿಡಿಯ ಹತ್ತಿರ ಇನ್ನಷ್ಟು ಸವೆದ ಹಾಗೆ ಮಾಡಿಕೊಡು ಎಂದೆ. ಅವಳು ನನ್ನನ್ನೇ ದಿಟ್ಟಿಸಿದಳು. "ಅಜ್ಜಿ, ಶೂಟ್ ತೋ ಖತಮ್ ಹೋ ಗಯಾ."

"ನನ್ನ ಶೂಟಿಂಗ್ ಮುಗಿದಿಲ್ಲ," ಎಂದೆ. ಅವಳು ಬ್ರಷ್ ತೆಗೆದಳು.

ಡೊಂಬಿವಲಿಯ ಮೂರನೇ ಮಹಡಿಯಲ್ಲಿ ನಾದಿನಿ ಮಿಕ್ಸಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. 'ಅತ್ತಿಗೆಗೆ' ಎಂಬುದರ ಮೇಲೆ ಬೆರಳಾಡಿಸಿದಳು. ಜಾರಿನೊಳಗೆ ಇಣುಕಿದಳು. ಅಲ್ಲಿ ಬ್ಲೇಡು ಕನ್ನಡಿಯಂತೆ ಹೊಳೆಯುತ್ತಿತ್ತು, ನಾವಿಬ್ಬರು ಮೇಕಪ್ ಕಲಾವಿದರೂ ಅದನ್ನು ಮರೆತಿದ್ದೆವು.

"ಬ್ಲೇಡು ಬದಲಿಸಿದ್ರಾ ಅತ್ತಿಗೆ?"

"ಎರಡು ಸಲ."

ಅವಳು ತಲೆಯಾಡಿಸಿದಳು. ಹಿಡಿಯ ಹತ್ತಿರ ತುಕ್ಕನ್ನು ಮೆಲ್ಲಗೆ ಉಜ್ಜಿದಳು, ತೋರುಬೆರಳು ಕಂದಾಯಿತು. ಅದನ್ನು ಮೂಗಿನ ಹತ್ತಿರ ಹಿಡಿದಳು. ನಿನ್ನೆಯ ಪೇಂಟಿನ ವಾಸನೆ ನನಗೆ ಕೂತಲ್ಲಿಗೇ ಬರುತ್ತಿತ್ತು. ನಾನು ಕಿಟಕಿಯ ಕಡೆ ನೋಡಿದೆ.

"ಏನೋ ಒಂದು ವಾಸನೆ," ಎಂದಳು. ಅವಳ ತುಟಿಯ ಅಂಚಿನಲ್ಲಿ ನಗು ಇತ್ತು. "ಆದ್ರೂ ಇದು ಇಲ್ಲೇ ಇರ್ಲಿ. ಮುಂದಿನ ಸಲ ಬನ್ನಿ, ಇದರಲ್ಲೇ ಚಟ್ನಿ ಮಾಡುವಾ. ರುಚಿ ನೀವೇ ಹೇಳ್ಬೇಕು."

"ಹೇಳ್ತೇನೆ," ಎಂದೆ. "ಸರಿಯಾಗಿ ಹೇಳ್ತೇನೆ."

ಮುಂದಿನ ಸಲಕ್ಕೆ ಅವಳ ಹೃದಯ ಕಾಯಲಿಲ್ಲ. ಅವತ್ತು ರಿಕ್ಷಾ ಹತ್ತುವಾಗ ತಲೆಯೆತ್ತಿ ನೋಡಿದರೆ ಅವಳು ಗ್ಯಾಲರಿಯ ಗ್ರಿಲ್ ಹಿಡಿದು ನಿಂತಿದ್ದಳು. ಕೈಬೀಸಿದಳು. ಆ ಬೆರಳನ್ನು ಅವಳಿನ್ನೂ ತೊಳೆದಿರಲಿಲ್ಲ.